ಅಪ್ಪನ ಸಿಆರ್‌ಪಿ 168 ಇತ್ತು, ಕ್ಯಾನ್ಸರ್ ವಾಪಸ್ ಬರುತ್ತಾ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಏಳು ವಾರದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಬಯಾಪ್ಸಿ ರಿಪೋರ್ಟ್‌ನಲ್ಲಿ ಟಿ3 ಎನ್1, ಮೂರನೇ ಹಂತ ಎಂದಿದೆ. 18 ಲಿಂಫ್ ನೋಡ್ (ದುಗ್ಧ ಗ್ರಂಥಿ) ತೆಗೆದಿದ್ದಾರೆ, ಎರಡರಲ್ಲಿ ಕ್ಯಾನ್ಸರ್ ಇತ್ತು. ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ಆಪರೇಷನ್‌ಗೆ ಮುಂಚೆ 18 ಇತ್ತು. ಆಪರೇಷನ್ ಆದ ಎರಡನೇ ದಿನ 168, ಮೂರನೇ ದಿನ 146, ನಾಲ್ಕನೇ ದಿನ 92. ಎರಡನೇ ದಿನ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 88, ಲಿಂಫೋಸೈಟ್ 8 ಇತ್ತು, ಭಾಗಿಸಿದರೆ 11 ಬರುತ್ತದೆ. ಇದು 5ಕ್ಕಿಂತ ಜಾಸ್ತಿ ಇದ್ದವರು ಬಹಳ ದಿನ ಬದುಕುವುದಿಲ್ಲ ಎಂದು ಇಂಟರ್‌ನೆಟ್‌ನಲ್ಲಿ ಓದಿದೆ. ಅವತ್ತಿನಿಂದ ನಿದ್ದೆ ಇಲ್ಲ. ಮೊನ್ನೆ ಬೇರೆ ಲ್ಯಾಬ್‌ನಲ್ಲಿ ಸಿಆರ್‌ಪಿ 0.9 ಬಂದಿದೆ. ಅಂದರೆ ಕ್ಯಾನ್ಸರ್ ಪೂರ್ತಿ ಹೋಯಿತಾ? ಅಪ್ಪನಿಗೆ ಕೀಮೋ ಅಂದರೆ ಭಯ. ಈ 0.9 ನೋಡಿ ಕೀಮೋ ಬಿಡಬಹುದಾ? ವಾರಕ್ಕೊಮ್ಮೆ ಸಿಆರ್‌ಪಿ ಮಾಡಿಸುತ್ತಾ ಇರಬೇಕಾ? ರಿಪೋರ್ಟ್‌ಗಳನ್ನೆಲ್ಲ ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ನಿದ್ದೆ ಕೆಡಿಸಿದ ಆ 11ರ ವಿಷಯ ಮುಗಿಸಿಬಿಡೋಣ. ಆ ಲೆಕ್ಕವನ್ನು ಮರೆತುಬಿಡಿ. ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ, ಆದರೆ ರಕ್ತ ತೆಗೆದ ದಿನ ಅದಕ್ಕೆ ತಕ್ಕದ್ದಲ್ಲ. ನೀವು ಓದಿದ ಆ 5ರ ಗೆರೆ ಆಪರೇಷನ್‌ಗೆ ಮುಂಚೆ ತೆಗೆದ ರಕ್ತದ್ದು. ಹೊಟ್ಟೆ ಕುಯ್ದು, ಕರುಳಿನ ತುಂಡು ತೆಗೆದು, ಎರಡು ತುದಿ ಸೇರಿಸಿ ಹೊಲಿದ ಮೇಲೆ 48 ಗಂಟೆಯೊಳಗೆ ಯಾರ ರಕ್ತ ತೆಗೆದರೂ ನ್ಯೂಟ್ರೋಫಿಲ್ ಏರಿರುತ್ತದೆ, ಲಿಂಫೋಸೈಟ್ ಇಳಿದಿರುತ್ತದೆ. ಕ್ಯಾನ್ಸರೇ ಇಲ್ಲದೆ ಬೇರೆ ಕಾರಣಕ್ಕೆ ಕರುಳಿನ ಆಪರೇಷನ್ ಆದವರಲ್ಲೂ ಹೀಗೇ ಆಗುತ್ತದೆ. ಅರಿವಳಿಕೆ ಕೊಡುವಾಗ ವಾಂತಿ ಬರದಿರಲಿ ಎಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹಾಕುವುದು ಸಾಮಾನ್ಯ. ಅದೊಂದೇ ಸಾಕು, ಈ ಎರಡೂ ಕಣಗಳ ಲೆಕ್ಕ ಏರುಪೇರಾಗಲು.

ಇಂಥ ರಿಪೋರ್ಟ್ ಹಿಡಿದು ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ: ರಕ್ತ ಯಾವತ್ತು ತೆಗೆದದ್ದು? ಉರಿಯೂತದ ಸಂಖ್ಯೆಗಳಿಗೆ ತಾರೀಖು ಇಲ್ಲದಿದ್ದರೆ ಅರ್ಥವೇ ಇಲ್ಲ. ನಿಮ್ಮ ತಂದೆಯ ಮೂರು ರಿಪೋರ್ಟ್‌ಗಳೂ ಮೂರು ಬೇರೆ ಬೇರೆ ವಿಷಯ ಹೇಳುತ್ತಿವೆ. ನೀವು ಮೂರನ್ನೂ ಒಂದೇ ಪ್ರಶ್ನೆಗೆ ಉತ್ತರ ಎಂದುಕೊಂಡು ಓದಿದ್ದೀರಿ. ಗಾಬರಿ ಶುರುವಾದದ್ದು ಅಲ್ಲಿಂದ.

ಸಿಆರ್‌ಪಿ ಅಂದರೆ ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡವರು ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್. ಕ್ಯಾನ್ಸರ್‌ಗೂ ಆ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ದೇಹದಲ್ಲಿ ಎಲ್ಲಾದರೂ ಗಾಯ, ಸೋಂಕು, ಊತ ಆದರೆ ಅಲ್ಲಿನ ಕಣಗಳು ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕದ ಮೂಲಕ ಲಿವರ್‌ಗೆ ಸುದ್ದಿ ಕಳಿಸುತ್ತವೆ. ಲಿವರ್ ಆಗ ಸಿಆರ್‌ಪಿ ಮಾಡಲು ಕೂರುತ್ತದೆ, ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನ್ ಮಾಡುವುದನ್ನು ಕಡಿಮೆ ಮಾಡುತ್ತದೆ. ಗಾಯ ಎಲ್ಲಿದೆ, ಯಾಕಾಯಿತು ಎಂದು ಸಿಆರ್‌ಪಿ ಹೇಳುವುದಿಲ್ಲ. ಮನೆಯಲ್ಲಿ ಎಲ್ಲೋ ಹೊಗೆ ಇದೆ ಎಂದು ಹೇಳುತ್ತದೆ, ಅಷ್ಟೆ. ಒಲೆಯದ್ದೋ, ಬೆಂಕಿ ಬಿದ್ದದ್ದೋ ನಾವೇ ಹೋಗಿ ನೋಡಬೇಕು.

ಆಪರೇಷನ್ ಆದ ಆರರಿಂದ ಹನ್ನೆರಡು ಗಂಟೆಯೊಳಗೆ ಅದು ಏರಲು ಶುರುವಾಗುತ್ತದೆ. ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟುತ್ತದೆ. ಎಲ್ಲ ಸರಿ ಇದ್ದರೆ ಆಮೇಲೆ ಬೇಗ ಇಳಿಯುತ್ತದೆ, ಯಾಕೆಂದರೆ ಲಿವರ್ ಕೈ ನಿಲ್ಲಿಸಿದ ಮೇಲೆ ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗೊಮ್ಮೆ ಅರ್ಧ ಆಗುತ್ತಾ ಹೋಗುತ್ತದೆ. ಈಗ ನಿಮ್ಮ ತಂದೆಯದ್ದು ನೋಡಿ. 168, 146, 92. ಪಾಠದ ಪುಸ್ತಕದಲ್ಲಿ ಬಿಡಿಸಿದ ಹಾಗಿದೆ.

ಆ ದಿನಗಳಲ್ಲಿ ಸರ್ಜನ್ ಈ ಪರೀಕ್ಷೆ ಮಾಡಿಸಿದ್ದು ಕ್ಯಾನ್ಸರ್ ಬಗ್ಗೆ ತಿಳಿಯಲು ಅಲ್ಲ. ಹೊಲಿದ ಕರುಳು ಸೋರುತ್ತಿದೆಯಾ ಎಂದು ನೋಡಲು. ಕರುಳಿನ ಆಪರೇಷನ್‌ನಲ್ಲಿ ನಾವೆಲ್ಲ ತುಂಬಾ ಹೆದರುವುದು ಇದಕ್ಕೇ. ಜೋಡಣೆ ಬಿಟ್ಟುಕೊಂಡರೆ ಮಲ ಹೊಟ್ಟೆಯೊಳಗೆ ಸೋರುತ್ತದೆ. ಜ್ವರ, ಹೊಟ್ಟೆನೋವು ಕಾಣಿಸುವ ಮೊದಲೇ ಸಿಆರ್‌ಪಿ ಸುಳಿವು ಕೊಡಬಹುದು. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಮೂರನೇ ದಿನಕ್ಕೆ 172, ನಾಲ್ಕನೇ ದಿನಕ್ಕೆ 124, ಐದನೇ ದಿನಕ್ಕೆ 144 ಎಂಬ ಗೆರೆಗಳು ಸಿಕ್ಕವು. ಇದಕ್ಕಿಂತ ಕೆಳಗಿದ್ದವರಲ್ಲಿ ನೂರಕ್ಕೆ 97 ಜನರಿಗೆ ಸೋರಿಕೆ ಇರಲಿಲ್ಲ. ಆದರೆ ಗೆರೆ ದಾಟಿದವರಲ್ಲಿ ಸೋರಿಕೆ ಇದ್ದದ್ದು ಐವರಲ್ಲಿ ಸುಮಾರು ಒಬ್ಬರಿಗೆ ಮಾತ್ರ. ಅಂದರೆ ಕಡಿಮೆ ಸಂಖ್ಯೆ ಬಂದರೆ ಧೈರ್ಯವಾಗಿ ಮನೆಗೆ ಕಳಿಸಬಹುದು, ಜಾಸ್ತಿ ಬಂದರೆ ಸ್ಕ್ಯಾನ್ ಮಾಡಿ ನೋಡಬೇಕು. ಜಾಸ್ತಿ ಬಂದ ಮಾತ್ರಕ್ಕೆ ತೀರ್ಮಾನಕ್ಕೆ ಬರುವಂತಿಲ್ಲ. ನಿಮ್ಮ ತಂದೆ ಎರಡೂ ದಿನ ಗೆರೆಯ ಕೆಳಗೇ ಇದ್ದರು. ನೀವು ಹೆದರಿಕೊಂಡು ನೋಡುತ್ತಿದ್ದ ಆ ಪುಟ ನಿಜಕ್ಕೂ ಒಳ್ಳೆಯ ಸುದ್ದಿ ಹೇಳುತ್ತಿತ್ತು.

ಸೋರಿಕೆ ಆಗಲಿಲ್ಲ ಎಂಬುದು ಆ ವಾರಕ್ಕೆ ಮಾತ್ರ ಸಮಾಧಾನದ ವಿಷಯ ಅಲ್ಲ. ಸೋರಿಕೆ ಆದವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳುವ ಸಾಧ್ಯತೆ ಸ್ವಲ್ಪ ಹೆಚ್ಚು, ವಿಶೇಷವಾಗಿ ಗುದನಾಳದ ಕ್ಯಾನ್ಸರ್‌ನಲ್ಲಿ. ಜೊತೆಗೆ ವಾರಗಟ್ಟಲೆ ಆಸ್ಪತ್ರೆಯಲ್ಲೇ ಉಳಿದು ಕೀಮೋ ತಡವಾಗುತ್ತದೆ, ಕೆಲವರಿಗೆ ತಪ್ಪಿಯೇ ಹೋಗುತ್ತದೆ. ನಿಮ್ಮ ತಂದೆಗೆ ಆ ಅಡ್ಡಿ ಬರಲಿಲ್ಲ.

ಈಗ ಮೊನ್ನೆಯ 0.9. ಆ ರಿಪೋರ್ಟ್ ಇನ್ನೊಮ್ಮೆ ಕೈಗೆ ತೆಗೆದುಕೊಳ್ಳಿ. ಸಂಖ್ಯೆಯ ಬಲಕ್ಕೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಆಸ್ಪತ್ರೆಯ ರಿಪೋರ್ಟ್‌ನಲ್ಲಿ ಲೀಟರ್‌ಗೆ ಮಿಲಿಗ್ರಾಂ ಎಂದಿದೆ. ಹೊಸ ಲ್ಯಾಬ್‌ನದ್ದರಲ್ಲಿ ಡೆಸಿಲೀಟರ್‌ಗೆ ಮಿಲಿಗ್ರಾಂ. ಒಂದು ಲೀಟರ್‌ಗೆ ಹತ್ತು ಡೆಸಿಲೀಟರ್. ಹಾಗಾಗಿ ಹೊಸ ಲ್ಯಾಬ್‌ನ 0.9 ಅಂದರೆ ಹಳೆಯ ಲೆಕ್ಕದಲ್ಲಿ 9. ಇದೂ ಚೆನ್ನಾಗಿಯೇ ಇದೆ, ಚಿಂತೆ ಬೇಡ. ಆದರೆ 168ರಿಂದ 0.9ಕ್ಕೆ ಬಂತು ಎಂದು ನೀವು ಅಂದುಕೊಂಡ ಆ ದೊಡ್ಡ ಇಳಿತ ಆಗಿಲ್ಲ. ಈ ಹತ್ತು ಪಟ್ಟಿನ ಗೊಂದಲವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಬ್ಬರು 6 ಇದ್ದದ್ದು 0.7 ಆಗಿದೆ ಎಂದು ಕುಣಿದಾಡಿದ್ದರು. ನಿಜವಾಗಿ ಅದು 6ರಿಂದ 7ಕ್ಕೆ ಹೋಗಿತ್ತು. ಇನ್ನೊಬ್ಬರಿಗೆ ಇದರ ಉಲ್ಟಾ ಆಗಿ ಮನೆಮಂದಿಯೆಲ್ಲ ಅಳುತ್ತಾ ಬಂದಿದ್ದರು. ಸಾಧ್ಯವಾದಷ್ಟು ಒಂದೇ ಲ್ಯಾಬ್‌ಗೆ ಹೋಗಿ. ಬೇರೆ ಕಡೆ ಹೋದರೆ ಸಂಖ್ಯೆ ಓದುವ ಮೊದಲು ಅಳತೆ ಓದಿ.

ಇನ್ನು ಆಪರೇಷನ್‌ಗೆ ಮುಂಚಿನ ಪುಟ. ಮುಂದೆ ಏನಾಗಬಹುದು ಎನ್ನುವುದಕ್ಕೆ ಏನಾದರೂ ಸಂಬಂಧ ಇರುವುದು ಈ ಪುಟಕ್ಕೆ ಮಾತ್ರ. ಇಲ್ಲಿ ನಿಮಗೆ ಮುಚ್ಚುಮರೆ ಇಲ್ಲದೆ ಹೇಳಬೇಕು.

ಕ್ಯಾನ್ಸರ್ ಗಡ್ಡೆಗೂ ಉರಿಯೂತಕ್ಕೂ ನಂಟು ಇದೆ. ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ರುಡಾಲ್ಫ್ ವಿರ್ಚೋ 1863ರಲ್ಲೇ ಗಮನಿಸಿದ್ದರು. ಲಿಂಫೋಸೈಟ್‌ಗಳು ಕ್ಯಾನ್ಸರ್ ಕಣಗಳನ್ನು ಗುರುತಿಸಿ ಕೊಲ್ಲುವ ಪಡೆ. ನ್ಯೂಟ್ರೋಫಿಲ್‌ಗಳು ಸೋಂಕಿನ ವಿರುದ್ಧ ನಮ್ಮ ಕಡೆಯವರೇ. ಆದರೆ ಗಡ್ಡೆಯ ಹತ್ತಿರ ಬಹಳ ದಿನ ಉಳಿದರೆ ಅವು ಬಿಡುವ ರಾಸಾಯನಿಕಗಳು ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು, ಕ್ಯಾನ್ಸರ್ ಕಣಗಳು ಜಾಗ ಬಿಟ್ಟು ಹೊರಡಲು ನೆರವಾಗಬಹುದು. ಅದಕ್ಕೇ ಆಪರೇಷನ್‌ಗೆ ಮುಂಚೆ ನ್ಯೂಟ್ರೋಫಿಲ್ ಜಾಸ್ತಿ, ಲಿಂಫೋಸೈಟ್ ಕಡಿಮೆ ಇದ್ದವರಲ್ಲಿ, ದೊಡ್ಡ ಗುಂಪಾಗಿ ತೆಗೆದುಕೊಂಡರೆ, ಕ್ಯಾನ್ಸರ್ ಮರಳುವುದು ಹೆಚ್ಚು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಗ್ಲಾಸ್ಗೋದ ಡೊನಾಲ್ಡ್ ಮ್ಯಾಕ್‌ಮಿಲನ್ ಮತ್ತು ಜೊತೆಗಾರರು ಸಿಆರ್‌ಪಿ, ಆಲ್ಬುಮಿನ್ ಎರಡನ್ನೂ ಸೇರಿಸಿ ಒಂದು ಸುಲಭದ ಅಂಕ ಮಾಡಿದರು. ಗ್ಲಾಸ್ಗೋ ಸ್ಕೋರ್ ಎನ್ನುತ್ತೇವೆ. ಇದರ ತಿದ್ದಿದ ರೂಪವೇ ಈಗ ಬಳಕೆಯಲ್ಲಿರುವುದು. ಸಿಆರ್‌ಪಿ ಲೀಟರ್‌ಗೆ 10 ಮಿಲಿಗ್ರಾಂ ಅಥವಾ ಕಡಿಮೆ ಇದ್ದರೆ ಸೊನ್ನೆ. 10 ದಾಟಿದರೆ ಒಂದು. 10 ದಾಟಿ, ಜೊತೆಗೆ ಆಲ್ಬುಮಿನ್ ಲೀಟರ್‌ಗೆ 35 ಗ್ರಾಂಗಿಂತ ಕೆಳಗಿದ್ದರೆ ಎರಡು. ನಿಮ್ಮ ತಂದೆಯ ಸಿಆರ್‌ಪಿ 18. ಆಲ್ಬುಮಿನ್ 3.6 ಎಂದು ಬರೆದಿದೆ, ಅದು ಡೆಸಿಲೀಟರ್ ಲೆಕ್ಕ, ಅಂದರೆ 36. ಸ್ಕೋರ್ ಒಂದು. ಸೊನ್ನೆಗಿಂತ ಸ್ವಲ್ಪ ಕೆಟ್ಟದ್ದು, ಎರಡಕ್ಕಿಂತ ಒಳ್ಳೆಯದು. ನ್ಯೂಟ್ರೋಫಿಲ್ ಅವತ್ತು 72, ಲಿಂಫೋಸೈಟ್ 18. ಭಾಗಿಸಿದರೆ 4. ನೀವು ಹಿಡಿಯಬೇಕಾದದ್ದು ಈ 4ನ್ನು.

ಈ 4 ಒಳ್ಳೆಯದಾ ಕೆಟ್ಟದ್ದಾ? ಇದನ್ನು ಕೇಳಿದರೆ ನನಗೂ ಸರಿಯಾಗಿ ಒಂದು ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ, ಯಾಕೆಂದರೆ ಅಧ್ಯಯನಗಳೇ ಒಂದು ಗೆರೆ ಇಟ್ಟುಕೊಂಡಿಲ್ಲ. ಒಬ್ಬರು 5 ಎಂದರೆ ಇನ್ನೊಬ್ಬರು 3 ಎನ್ನುತ್ತಾರೆ. ಒಂದರ ಪ್ರಕಾರ ನಿಮ್ಮ ತಂದೆ ಸುರಕ್ಷಿತರ ಗುಂಪು, ಇನ್ನೊಂದರ ಪ್ರಕಾರ ಅಪಾಯದ ಗುಂಪು. ಮನುಷ್ಯ ಒಬ್ಬನೇ, ರಕ್ತ ಒಂದೇ. ಇಂಥ ಗೆರೆಯನ್ನು ನಂಬಿ ಯಾರ ಆಯಸ್ಸನ್ನೂ ಅಳೆಯಬಾರದು. ಸಾವಿರ ಜನರ ಗುಂಪಿನಲ್ಲಿ ಕಾಣುವ ವ್ಯತ್ಯಾಸ ನಿಜ ಇರಬಹುದು. ಆದರೆ ಆ ಗುಂಪಿನಲ್ಲಿ ನಿಮ್ಮ ತಂದೆ ಎಲ್ಲಿ ನಿಂತಿದ್ದಾರೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ಆಪರೇಷನ್‌ಗೆ ಮುಂಚೆ ಸಿಆರ್‌ಪಿ ಏರಲು ಗಡ್ಡೆಯೇ ಕಾರಣ ಆಗಬೇಕೆಂದಿಲ್ಲ. ಕರುಳು ಅರ್ಧ ಮುಚ್ಚಿಕೊಂಡಿದ್ದರೆ ಏರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ, ತೂಕ ಜಾಸ್ತಿ ಇರುವವರಿಗೆ, ಕೀಲುವಾತ ಇರುವವರಿಗೆ ಸುಮ್ನೆ ಇದ್ದರೂ ಸ್ವಲ್ಪ ಮೇಲೇ ಇರುತ್ತದೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬರಿಗೆ ಆಪರೇಷನ್ ಆಗಿ ವರ್ಷದ ಮೇಲೆ ಸಿಆರ್‌ಪಿ 40ಕ್ಕೆ ಹೋಯಿತು. ಕ್ಯಾನ್ಸರ್ ಮರಳಿದೆ ಎಂದು ಮನೆಯವರು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದರು. ಸ್ಕ್ಯಾನ್ ಶುದ್ಧವಾಗಿತ್ತು. ಮಾತಾಡುವಾಗ ಅವರು ಒಂದು ಕೆನ್ನೆಯನ್ನು ಒತ್ತಿಕೊಳ್ಳುತ್ತಿದ್ದದ್ದು ನೋಡಿ ಬಾಯಿ ತೆರೆಯಲು ಹೇಳಿದೆ. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ತೆಗೆಸಿದ ಎರಡು ವಾರಕ್ಕೆ ಸಿಆರ್‌ಪಿ 3.

ಆದ್ದರಿಂದಲೇ ಕೀಮೋ ಬೇಕೋ ಬೇಡವೋ ಎಂಬುದನ್ನು ನಾವು ಈ ಸಂಖ್ಯೆಗಳಿಂದ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವುದು ಬಯಾಪ್ಸಿ ರಿಪೋರ್ಟ್. ಆ ಪುಟಗಳನ್ನು ನೀವು ಅಷ್ಟಾಗಿ ಓದಿಲ್ಲ ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ತಪ್ಪಿಲ್ಲ, ಓದಲು ಕಷ್ಟ ಅದು. ಸಿಆರ್‌ಪಿ ಆದರೆ ಒಂದೇ ಸಂಖ್ಯೆ, ಪಕ್ಕದಲ್ಲಿ ಕೆಂಪಗೆ ಗುರುತು ಹಾಕಿರುತ್ತಾರೆ, ಕಣ್ಣು ಅಲ್ಲಿಗೇ ಹೋಗುತ್ತದೆ.

ಬಯಾಪ್ಸಿ ಏನು ಹೇಳುತ್ತದೆ ನೋಡಿ. ಟಿ3 ಅಂದರೆ ಗಡ್ಡೆ ಕರುಳಿನ ಸ್ನಾಯು ಪದರ ದಾಟಿದೆ, ಆದರೆ ಹೊರಮೈ ಸೀಳಿ ಬಂದಿಲ್ಲ, ಪಕ್ಕದ ಅಂಗಕ್ಕೂ ಅಂಟಿಲ್ಲ. ಕನಿಷ್ಠ 12 ನೋಡ್ ಪರೀಕ್ಷೆ ಆಗಿರಬೇಕು ಎಂಬುದು ನಿಯಮ, ಇಲ್ಲಿ 18 ಆಗಿದೆ. ಸರ್ಜನ್ ಮತ್ತು ಪೆಥಾಲಜಿಸ್ಟ್ ಇಬ್ಬರೂ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಾರೆ. ಎರಡು ನೋಡ್‌ನಲ್ಲಿ ಕ್ಯಾನ್ಸರ್ ಇದ್ದದ್ದರಿಂದ ಇದು ಎನ್1, ಅಂದರೆ ಮೂರನೇ ಹಂತ. ಮೂರನೇ ಹಂತಕ್ಕೆ ಕೀಮೋ ಕೊಟ್ಟರೆ ಮರಳುವ ಸಾಧ್ಯತೆ ಕಡಿಮೆ ಆಗುತ್ತದೆ ಎಂಬುದರಲ್ಲಿ ಈಗ ಯಾರಿಗೂ ಅನುಮಾನ ಉಳಿದಿಲ್ಲ. ಬಿಟ್ಟುಹೋಗಿರಬಹುದಾದ ಕೆಲವೇ ಕೆಲವು ಕಣಗಳಿಗಾಗಿ ಕೊಡುವ ಔಷಧಿ ಅದು. ಅಷ್ಟು ಸಣ್ಣ ಗುಂಪು ಲಿವರ್‌ಗೆ ಸುದ್ದಿ ಕಳಿಸುವಷ್ಟು ಗಲಾಟೆ ಮಾಡುವುದಿಲ್ಲ. ಹಾಗಾಗಿ ಸಿಆರ್‌ಪಿ 9 ಇದ್ದರೂ, 2 ಇದ್ದರೂ, ಅವು ಇಲ್ಲ ಎಂದು ಅರ್ಥವಲ್ಲ.

ಈ ಒಂದು ಕಡೆ ನಾನು ನಿಮ್ಮನ್ನು ಸ್ವಲ್ಪ ಅವಸರ ಮಾಡಲೇಬೇಕು. ಕೀಮೋವನ್ನು ಆಪರೇಷನ್ ಆದ ಎಂಟು ವಾರದೊಳಗೆ ಶುರು ಮಾಡುವುದು ಒಳ್ಳೆಯದು. ತಡವಾದಷ್ಟೂ ಅದರ ಲಾಭ ಕಡಿಮೆ. ನಿಮಗೆ ಈಗಾಗಲೇ ಏಳು ವಾರ ಆಗಿದೆ. ಸಿಆರ್‌ಪಿ ಇನ್ನೂ ಇಳಿಯಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಈ ವಾರವೇ ಹೋಗಿ ಮಾತಾಡಿ.

ತಂದೆಗೆ ಕೀಮೋ ಭಯ ಇದ್ದರೆ ಒಂದು ಮಾತು ಹೇಳಿ. ಮೊದಲು ಎಲ್ಲರಿಗೂ ಆರು ತಿಂಗಳು ಕೊಡುತ್ತಿದ್ದೆವು. 2018ರಲ್ಲಿ ಬಂದ ಐಡಿಇಎ ಎಂಬ ದೊಡ್ಡ ಅಧ್ಯಯನ ಮೂರು ತಿಂಗಳು ಸಾಕಾ ಎಂದು ನೋಡಿತು. ಟಿ3 ಎನ್1 ಥರದವರಿಗೆ ಕ್ಯಾಪೆಸಿಟಾಬಿನ್ ಮಾತ್ರೆ, ಜೊತೆಗೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಕೊಟ್ಟಾಗ ಮೂರು ತಿಂಗಳ ಫಲ ಆರು ತಿಂಗಳಷ್ಟೇ ಚೆನ್ನಾಗಿತ್ತು. ಕೈಕಾಲು ಜೋಮು ಹಿಡಿಯುವ ತೊಂದರೆಯೂ ಬಹಳ ಕಡಿಮೆ. ನಿಮ್ಮ ತಂದೆಗೆ ಇದು ಹೊಂದುತ್ತದಾ ಎಂದು ಡಾಕ್ಟರನ್ನು ನೇರವಾಗಿ ಕೇಳಿ.

ಕೀಮೋ ಶುರುವಾದ ಮೇಲೆ ದಯವಿಟ್ಟು ಆ ಭಾಗಾಕಾರ ಮಾಡಲು ಹೋಗಬೇಡಿ. ಕೀಮೋ ನ್ಯೂಟ್ರೋಫಿಲ್ ಇಳಿಸುತ್ತದೆ. ವಾಂತಿಗೆ ಕೊಡುವ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರೆ ಇನ್ನೂ ಮೇಲೆ ಹೋಗುತ್ತದೆ. ಆಗ ಬರುವ ಉತ್ತರ ಔಷಧಿಯದ್ದು, ಕ್ಯಾನ್ಸರ್‌ನದ್ದಲ್ಲ.

ಸಿಆರ್‌ಪಿ ಇಳಿಸಲು ಏನಾದರೂ ಕೊಡಬಹುದಾ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಯೋಚನೆ ಅದೇ ಇರುತ್ತದೆ ಅಲ್ವಾ? ಉರಿಯೂತ ಕೆಟ್ಟದ್ದಾದರೆ ಅದನ್ನು ಅಡಗಿಸಿದರೆ ಆಯಿತು ಎಂದು ಅನಿಸುವುದು ಸಹಜ. ನಮಗೂ ಅನಿಸಿತ್ತು. ಸೆಲೆಕಾಕ್ಸಿಬ್ ಎಂಬ ಉರಿಯೂತದ ಮಾತ್ರೆಯನ್ನು ಮೂರನೇ ಹಂತದ ರೋಗಿಗಳಿಗೆ ಕೀಮೋ ಜೊತೆ ಕೊಟ್ಟು ನೋಡಿದರು. 2,500ಕ್ಕೂ ಹೆಚ್ಚು ಜನ ಅದರಲ್ಲಿದ್ದರು. 2021ರಲ್ಲಿ ಫಲಿತಾಂಶ ಬಂತು, ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಸಂಖ್ಯೆ ಇಳಿಸುವುದೇ ಬೇರೆ, ರೋಗ ತಡೆಯುವುದೇ ಬೇರೆ. ಹಾಗಾಗಿ ನೋವಿನ ಮಾತ್ರೆಗಳನ್ನಾಗಲಿ, ಉರಿಯೂತ ಕಡಿಮೆ ಮಾಡುತ್ತದೆ ಎಂದು ಮಾರುವ ಪುಡಿ, ಕ್ಯಾಪ್ಸೂಲ್‌ಗಳನ್ನಾಗಲಿ ನೀವೇ ಕೊಡಬೇಡಿ.

ಆಸ್ಪಿರಿನ್ ವಿಷಯದಲ್ಲಿ ಮಾತ್ರ ಒಂದು ಬಾಗಿಲು ತೆರೆದಿದೆ. ಗಡ್ಡೆಯಲ್ಲಿ ಪಿಐಕೆ3ಸಿಎ ಎಂಬ ಜೀನ್‌ನ ದಾರಿಯಲ್ಲಿ ಬದಲಾವಣೆ ಇದ್ದವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಕ್ಯಾನ್ಸರ್ ಮರಳುವುದು ಸುಮಾರು ಅರ್ಧಕ್ಕೆ ಇಳಿಯಿತು ಎಂದು 2025ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಅಲ್ಲ, ಆ ಬದಲಾವಣೆ ಇದ್ದವರಿಗೆ. ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಅದಕ್ಕೇ ಮನೆಯಲ್ಲೇ ಶುರು ಮಾಡುವಂಥದ್ದಲ್ಲ. ತೆಗೆದ ಗಡ್ಡೆಯ ತುಂಡು ಲ್ಯಾಬ್‌ನಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ಈ ಪರೀಕ್ಷೆ ಮಾಡಬಹುದಾ ಎಂದು ಕೇಳಿ.

ನನ್ನನ್ನು ಕೇಳಿದರೆ ಇತ್ತೀಚಿನ ವರ್ಷಗಳಲ್ಲಿ ಬಂದ ಒಳ್ಳೆಯ ಸುದ್ದಿ ಮಾತ್ರೆಯದ್ದಲ್ಲ, ನಡಿಗೆಯದ್ದು. ಚಾಲೆಂಜ್ ಎಂಬ ಅಧ್ಯಯನದಲ್ಲಿ 889 ಜನ ಇದ್ದರು, ಎಲ್ಲರೂ ನಿಮ್ಮ ತಂದೆಯ ಹಾಗೆ ಕರುಳಿನ ಆಪರೇಷನ್ ಆಗಿ ಕೀಮೋ ಮುಗಿಸಿದವರು. ಅರ್ಧ ಜನರಿಗೆ ಮೂರು ವರ್ಷ ಹಿಂದೆ ಬಿದ್ದು ವ್ಯಾಯಾಮ ಮಾಡಿಸಿದರು. ಉಳಿದವರಿಗೆ ವ್ಯಾಯಾಮದ ಬಗ್ಗೆ ಪುಸ್ತಿಕೆ ಕೊಟ್ಟರು. ಐದು ವರ್ಷಕ್ಕೆ ಕ್ಯಾನ್ಸರ್ ಇಲ್ಲದೆ ಇದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 80.3, ಎರಡನೆಯದರಲ್ಲಿ 73.9. ಎಂಟು ವರ್ಷಕ್ಕೆ ಬದುಕಿದ್ದವರು 90.3 ಮತ್ತು 83.2. ಒಂದು ಹೊಸ ಔಷಧಿ ಇಷ್ಟು ಮಾಡಿದ್ದರೆ ನಾವು ಹಬ್ಬ ಮಾಡುತ್ತಿದ್ದೆವು. ಆ ಜನ ಮಾಡಿದ್ದು ಹೆಚ್ಚಿನಂಶ ಚುರುಕಾದ ನಡಿಗೆಯೇ. ತಂದೆ ಈಗಲೇ ಮನೆಯೊಳಗೆ, ಅಂಗಳದಲ್ಲಿ ಓಡಾಡಲಿ. ಕೀಮೋ ಮುಗಿದ ಮೇಲೆ ನಿಧಾನವಾಗಿ ಹೆಚ್ಚಿಸಲಿ. ಒಬ್ಬರೇ ಹೋಗಲು ಬೇಸರ ಅಂದರೆ ನೀವು ಜೊತೆಗೆ ಹೋಗಿ. ಆ ಅಧ್ಯಯನದಲ್ಲೂ ಜೊತೆಗೆ ಒಬ್ಬರು ನಿಂತು ಮಾಡಿಸಿದ್ದರು ಎಂಬುದನ್ನು ನೆನಪಿಡಿ, ಬರೀ ಪುಸ್ತಿಕೆ ಸಾಕಾಗಲಿಲ್ಲ.

ಕೊನೆಗೆ, ವಾರಕ್ಕೊಮ್ಮೆ ಸಿಆರ್‌ಪಿ ಬೇಕಾ ಎಂದು ಕೇಳಿದ್ದೀರಿ. ಬೇಡ. ಮುಂದೆ ನೋಡುತ್ತಾ ಇರಬೇಕಾದ ರಕ್ತಪರೀಕ್ಷೆ ಸಿಇಎ. ಅದು ಉರಿಯೂತದ್ದಲ್ಲ, ಗಡ್ಡೆಯೇ ಬಿಡುವ ಪ್ರೋಟೀನ್. ಮೊದಲ ಎರಡು ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಜೊತೆಗೆ ಸಿಟಿ ಸ್ಕ್ಯಾನ್ ಇರುತ್ತದೆ, ಒಂದು ವರ್ಷಕ್ಕೆ ಕೊಲೊನೋಸ್ಕೋಪಿ ಇರುತ್ತದೆ. ನಿಮ್ಮ ಪುಟಗಳಲ್ಲಿ ಆಪರೇಷನ್‌ಗೆ ಮುಂಚಿನ ಸಿಇಎ 7.8 ಎಂದಿದೆ, ಆದರೆ ಆಪರೇಷನ್ ಆದ ಮೇಲೆ ಯಾರೂ ಮಾಡಿಸಿದ ಹಾಗೆ ಕಾಣುತ್ತಿಲ್ಲ. ಈ ವಾರ ಕೀಮೋ ಮಾತಾಡಲು ಹೋದಾಗ ಅದನ್ನು ಬರೆಸಿಕೊಳ್ಳಿ. ನಡುವೆ ಜ್ವರ, ಚಳಿ, ಬಿಡದ ಹೊಟ್ಟೆನೋವು, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಂತಾದರೆ ಯಾವ ಲ್ಯಾಬ್‌ಗೂ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಸಿಆರ್‌ಪಿ ಬೇಕಿದ್ದರೆ ಅವರೇ ಅಲ್ಲಿ ನೋಡಿಕೊಳ್ಳುತ್ತಾರೆ.